ಕೂದಲಲ್ಲಿ ನಿಂತ ಪೆನ್ಸಿಲ್

ನಮ್ಮ ಕನ್ನಡ ಟೀಚರ್ ತಲೆಯಲ್ಲಿ ಸಿಗಿಸಿದ ಪೆನ್ಸಿಲ್ ಬೀಳುತ್ತಿರಲಿಲ್ಲ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇದ್ದ ದಪ್ಪ ಪೆನ್ಸಿಲ್ ಅದು. ಬಲಗಿವಿಯ ಮೇಲೆ, ಕೂದಲೊಳಗೆ ಅರ್ಧಕ್ಕೆ ಇಳಿಸಿಬಿಡುತ್ತಿದ್ದರು. ಬಗ್ಗಿ ಡಸ್ಟರ್ ಎತ್ತಿದರೂ, ಸೀಮೆಸುಣ್ಣದ ಪುಡಿಗೆ ಮೂರು ಸಲ ಸೀನಿದರೂ, ಗ್ರೌಂಡಿನಲ್ಲಿ ಚಿಕ್ಕ ಹುಡುಗಿಯರ ಹಿಂದೆ ಓಡಿದರೂ ಅದು ಅಲ್ಲೇ ನಿಂತಿರುತ್ತಿತ್ತು. ಸಾಸಿವೆ ಕಾಳು ಒತ್ತೊತ್ತಾಗಿ ಅಂಟಿಸಿದಂಥ ಸಣ್ಣ ಸಣ್ಣ ಸುರುಳಿಗಳ ಕೂದಲು. ಮಳೆಯಲ್ಲಿ ಬಂದ ದಿನ ಹನಿಗಳು ಒಳಗಿಳಿಯದೆ ಮೇಲೆಯೇ ಮಣಿಯಾಗಿ ಕೂತಿರುತ್ತಿದ್ದವು. ಪಾಠ ಶುರುವಾಗಿ ಹತ್ತು ನಿಮಿಷವಾದರೂ ಅವು ಹಾಗೇ ಹೊಳೆಯುತ್ತಿದ್ದವು. ನಾವು ಪದ್ಯ ಬಿಟ್ಟು ಅದನ್ನೇ ನೋಡುತ್ತಿದ್ದೆವು.

ಯಾದಗಿರಿಯ ಕಾನ್ವೆಂಟಿನಲ್ಲಿ ನಾನಾಗ ಎಂಟನೇ ಇಯತ್ತೆ. ಸಿಸ್ಟರುಗಳು ದೂರದ ಊರುಗಳಿಂದ ಬಂದವರು, ಅವರ ಬಗ್ಗೆ ನಮಗೆ ಅನುಮಾನವಿರಲಿಲ್ಲ. ಅವರ ಬಿಳಿ ಉಡುಪೇ ಅವರು ಯಾರೆಂದು ಹೇಳಿಬಿಡುತ್ತಿತ್ತು. ಟೀಚರ್ ಮಾತ್ರ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ನಮ್ಮ ಅವ್ವಂದಿರಂತೆಯೇ ಇಳಕಲ್ ಸೀರೆ, ಕೈಗೆ ಎರಡೇ ಗಾಜಿನ ಬಳೆ, ಹಣೆ ಬೋಳು. ಬಾಯಿ ತೆಗೆದರೆ ನಮಗಿಂತ ಸ್ವಚ್ಛ ಕನ್ನಡ, ನಡುವೆ ‘ಬೇಟಾ’ ಅನ್ನುವ ಮಾತು. ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಸ್ಟೀಲ್ ಡಬ್ಬಿ ಹಿಡಿದು ವಾಡಿ ಕಡೆಯ ರೈಲು ಹತ್ತುತ್ತಿದ್ದರು, ಶನಿವಾರ ಮುಂಜಾನೆ ಗಂಟೆ ಬಾರಿಸುವಷ್ಟರಲ್ಲಿ ವಾಪಸ್. ಡಬ್ಬಿಯಲ್ಲಿ ಏನಿರುತ್ತದೆ, ಯಾರಿಗೆ ಒಯ್ಯುತ್ತಾರೆ? ನನ್ನ ಬಾಜೂ ಕೂಡುವ ಶರಣಮ್ಮ ಇಂಥದ್ದನ್ನೆಲ್ಲ ಮನೆಯಿಂದ ಕೇಳಿಕೊಂಡು ಬರುತ್ತಿದ್ದಳು.

“ಆಕಿ ಹಬಶಿ ಇದ್ದಾಳಂತ, ಆಫ್ರಿಕಾದ ಮಂದಿ. ನಮ್ಮ ಕಾಕಾ ಹೇಳ್ಯಾನ. ನಿಜಾಮ ಸಾಕಿದ್ದನಂತ ಅವರನ್ನ.”

“ಮಂದೀನ ಸಾಕೂದು ಅಂದ್ರ?”

“ಕುದುರಿ ಸಾಕ್ದಂಗ. ಕಾವಲಿಗಿ.”

ನಾನು ನಗಲಿಲ್ಲ. ನನಗೆ ಬೇರೆಯೇ ಒಂದು ಅನುಮಾನವಿತ್ತು. ಜೂನ್ ತಿಂಗಳ ಮೊದಲ ದಿನ ಹಾಜರಿ ಕರೆಯುವಾಗ ಟೀಚರ್ ಎಲ್ಲರ ಮುಖ ನೋಡಿದ್ದರು, ನನ್ನ ಹೆಸರು ಬಂದಾಗ ಮುಖ ಬಿಟ್ಟು ತಲೆ ನೋಡಿದ್ದರು. ಎರಡು ಹೆಸರು ಕರೆಯುವಷ್ಟು ಹೊತ್ತು. ನನ್ನ ಅವ್ವ ದಿನಾ ಮುಂಜಾನೆ ಅಂಗೈ ತುಂಬ ಔಡಲೆಣ್ಣೆ ಸುರಿದು, ಮೊಣಕಾಲ ನಡುವೆ ನನ್ನನ್ನು ಹಿಡಿದು, ಎರಡು ಜಡೆ ಬಿಗಿಯುತ್ತಿದ್ದಳು. ಹುಬ್ಬು ಮೇಲೆ ಎಳೆದುಕೊಳ್ಳುವಷ್ಟು ಬಿಗಿ. ಹನ್ನೊಂದು ಗಂಟೆಯ ಬಿಡುವಿನ ಹೊತ್ತಿಗೆ ಕಿವಿಯ ಪಕ್ಕ ಒಂದೊಂದೇ ಸುರುಳಿ ತಪ್ಪಿಸಿಕೊಂಡು ಎದ್ದುಬಿಡುತ್ತಿತ್ತು. ನಾನು ಉಗುಳು ಹಚ್ಚಿ ಕೂಡಿಸುತ್ತಿದ್ದೆ. ಟೀಚರ್ ಅದನ್ನು ನೋಡಿದ್ದಾರೆ, ಏನನ್ನೋ ಗುರುತು ಹಿಡಿದಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಅವರು ನನ್ನ ಕಡೆ ನಕ್ಕರೆ ನಾನು ಪುಸ್ತಕ ನೋಡುತ್ತಿದ್ದೆ.

ಒಂದು ದಿನ ಡ್ರಿಲ್ ಪೀರಿಯಡ್ ಇಲ್ಲದಾಗ ಶರಣಮ್ಮ ಹೊಸ ಆಟ ಹೂಡಿದಳು. ಜಡೆ ಬಿಚ್ಚಿ, ಟೀಚರ್ ಥರ ಪೆನ್ಸಿಲ್ ಸಿಗಿಸಿ, ತಲೆ ಅಲ್ಲಾಡಿಸಬೇಕು. ಒಬ್ಬೊಬ್ಬರದೂ ಟಣ್ ಎಂದು ಬೆಂಚಿನ ಮೇಲೆ ಬಿತ್ತು. ನಾನು ಹಿಂದಿನ ಬೆಂಚಿಗೆ ಸರಿದೆ. ಬಿಡಲಿಲ್ಲ, ಇಬ್ಬರು ನನ್ನ ರಿಬ್ಬನ್ ಎಳೆದು ಪೆನ್ಸಿಲ್ ಸಿಗಿಸಿದರು. ನಾನು ತಲೆ ಅಲ್ಲಾಡಿಸಿದೆ. ಇನ್ನೊಮ್ಮೆ ಅಂದರು, ಇನ್ನೊಮ್ಮೆ ಅಲ್ಲಾಡಿಸಿದೆ. ಪೆನ್ಸಿಲ್ ಬೀಳಲಿಲ್ಲ. ಶರಣಮ್ಮ ಬೆಂಚಿನ ಮೇಲೆ ಒಂದು ಗೇಣು ಆಚೆ ಸರಿದು ಕೂತಳು. ಆ ಒಂದು ಗೇಣಿನ ಜಾಗ ವರ್ಷ ಮುಗಿಯುವವರೆಗೂ ಹಾಗೇ ಉಳಿಯಿತು.

ಟೀಚರ್ ಪಾಠದಲ್ಲಿ ನಮಗೆಲ್ಲ ಹೆದರಿಕೆಯಿದ್ದದ್ದು ಶನಿವಾರದ ಕೊನೆಯ ಪೀರಿಯಡ್‌ಗೆ. ಅದಕ್ಕೆ ‘ಐದು ಸಾಲು’ ಎಂದೇ ಹೆಸರು. ನಮ್ಮ ಬಗ್ಗೆ ನಾವೇ ಐದು ಸಾಲು ಬರೆಯಬೇಕು. ಒಂದು ವಾರ ಕೈ, ಇನ್ನೊಂದು ವಾರ ನಡಿಗೆ, ಮತ್ತೊಂದು ವಾರ ನಾವು ಸುಳ್ಳು ಹೇಳುವ ರೀತಿ. ನಿಯಮ ಒಂದೇ.

“ಬಾಜೂದಾಕಿಗೂ ಹೊಂದೋ ಸಾಲು ಬರದ್ರ ಹೊಡದು ಹಾಕ್ತೀನಿ.”

ಹೇಳಿದಂತೆ ಹೊಡೆದು ಹಾಕುತ್ತಿದ್ದರು. ತಲೆಯಿಂದ ಪೆನ್ಸಿಲ್ ಕಿತ್ತು, ‘ನನಗೆ ತಾಯಿಯ ಮೇಲೆ ಬಹಳ ಪ್ರೀತಿ’ ಎಂಬ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಮತ್ತೆ ತಲೆಗೆ ಸಿಗಿಸಿಕೊಳ್ಳುತ್ತಿದ್ದರು. “ಇದು ಎಲ್ಲಾರದೂ ಅದ. ನಿಂದು ಎಲ್ಲಿ?” ಮೊದಲ ತಿಂಗಳು ಇಡೀ ತರಗತಿಯ ನೋಟ್‌ಬುಕ್ ಕೆಂಪು ಕೆಂಪು. ಶರಣಮ್ಮನ ಒಂದು ಸಾಲು ಮಾತ್ರ ಉಳಿಯಿತು: ‘ನಾನು ಬೇರೆಯವರ ಮನೆಯ ಮಾತು ಕೇಳುವಾಗ ನನ್ನ ಎಡಗಾಲು ಕುಣಿಯುತ್ತದೆ.’ ಟೀಚರ್ ಅದಕ್ಕೆ ನೀಲಿ ತುದಿಯಿಂದ ಒಂದು ಚುಕ್ಕೆ ಇಟ್ಟರು. ನೀಲಿ ಚುಕ್ಕೆ ಅಂದರೆ ಶಹಬ್ಬಾಸ್.

ನವೆಂಬರಿನ ಒಂದು ಶನಿವಾರ ಶರಣಮ್ಮ ಎದ್ದು ನಿಂತು ಕೇಳಿಯೇಬಿಟ್ಟಳು. “ಟೀಚರ್ರೀ, ನೀವೂ ನಿಮ್ಮವು ಐದು ಸಾಲು ಬರೀರಲ.” ಆಕೆಗೆ ಬೇಕಿದ್ದದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು, ಟೀಚರಿಗೂ. ಅವರು ಆಕೆಯ ಎಡಗಾಲನ್ನೊಮ್ಮೆ ನೋಡಿ, ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿಗೆ ತಿರುಗಿದರು.

ನನ್ನ ಅಪ್ಪ ವಾಡಿಯಲ್ಲಿ ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ; ಈಗ ಹಾಸಿಗೆ ಹಿಡಿದಿದ್ದಾನೆ, ನಾನು ಒಯ್ಯುವ ಹುಗ್ಗಿ ಬಿಟ್ಟರೆ ಬೇರೆ ಸಿಹಿ ತಿನ್ನುವುದಿಲ್ಲ.
ಅವನ ಮುತ್ತಜ್ಜ ಸಮುದ್ರದಾಚೆಯಿಂದ ಹಡಗಿನಲ್ಲಿ ಬರಲಿಲ್ಲ, ಅವನನ್ನು ತಂದರು.
ಆ ಊರಿನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
ನನ್ನ ಅವ್ವ ಸೈದಾಪುರದ ಕಡೆಯವಳು. ಆಕೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಾನು ಓದು ಕಲಿತೆ.
ನಾನು ಎಣಿಸುವುದು ಉರ್ದುವಿನಲ್ಲಿ, ಬೈಯುವುದು ಕನ್ನಡದಲ್ಲಿ.

ಡಬ್ಬಿಯ ಗುಟ್ಟು ಹುಗ್ಗಿಯಲ್ಲಿ ಮುಗಿದುಹೋಯಿತು. “ಹೊಡದು ಹಾಕೋದು ಯಾವುದಾದ್ರೂ ಅದ ಏನು ನೋಡ್ರಿ,” ಎಂದು ಟೀಚರ್ ಕೈಯೊರೆಸಿಕೊಂಡರು. ನಾನು ಮೂರನೆಯ ಸಾಲನ್ನೇ ನೋಡುತ್ತಿದ್ದೆ. ಗೊತ್ತಿಲ್ಲ ಎನ್ನುವುದನ್ನೂ ಬರೆಯಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ದಿನ ನಾನು ಬರೆದ ಐದು ಸಾಲು ಇವತ್ತಿಗೂ ಬಾಯಿಪಾಠ: ನನಗೆ ಮೂರು ಸಲ ಜಾವಳ ಮಾಡಿಸಿದ್ದಾರೆ. ಮೂರನೆಯ ಸಲ ನನಗೆ ಬುದ್ಧಿ ತಿಳಿದಿತ್ತು, ಭೀಮಾ ನದಿಯ ದಂಡೆಯಲ್ಲಿ ಕ್ಷೌರದವನು ‘ಈ ಕೂಸಿಗೆ ವರ್ಷಕ್ಕೊಂದು ಜಾವಳೇನ್ರಿ’ ಎಂದು ನಕ್ಕಿದ್ದ. ನನ್ನ ಕೂದಲಲ್ಲಿ ಪೆನ್ಸಿಲ್ ನಿಲ್ಲುತ್ತದೆ. ನಮ್ಮ ಆಯಿ, ಅಪ್ಪನ ಅವ್ವ, ನಿದ್ದೆಯಲ್ಲೂ ತಲೆಯ ಸೆರಗು ಇಳಿಸುವುದಿಲ್ಲ, ಆದರೆ ಎರೆದುಕೊಳ್ಳುವಾಗ ಬಾಗಿಲ ಸಂದಿಯಿಂದ ನೋಡಿದೆ, ಆಕೆಯ ಕೂದಲು ಟೀಚರ್ ಕೂದಲಿನಂತೆಯೇ ಇದೆ. ನಾವು ಯಾವ ಮಂದಿ ಎಂದು ಕೇಳಿದರೆ ಆಯಿ ಕಿವಿ ಕೇಳದವಳಂತೆ ಮಾಡುತ್ತಾಳೆ.

ಕೂಸಿನ ಕೂದಲನ್ನು ಹರಕೆಯಿಂದ ಒಮ್ಮೆ ತೆಗೆಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಮತ್ತೆರಡು ಸಲ ತೆಗೆಸಿದ್ದು, ಈ ಸಲವಾದರೂ ನೆಟ್ಟಗೆ ಬರಲಿ ಎಂದು. ಪ್ರತಿ ಸಲವೂ ಸೋದರಮಾವ ತೊಡೆಯ ಮೇಲೆ ಕೂಡಿಸಿಕೊಂಡ, ಪ್ರತಿ ಸಲವೂ ಒಂದು ಹೊಸ ದೇವರ ಹೆಸರು ಹೇಳಿದರು, ಪ್ರತಿ ಸಲವೂ ಅದೇ ಕೂದಲು ಬಂತು.

ಟೀಚರ್ ಐದರಲ್ಲಿ ಒಂದನ್ನೂ ಹೊಡೆಯಲಿಲ್ಲ. ಐದಕ್ಕೂ ನೀಲಿ ಚುಕ್ಕೆ. ನೋಟ್‌ಬುಕ್ ಮುಚ್ಚಿ ನನ್ನ ಕೈಗೇ ಕೊಟ್ಟರು, ಬೇರೆಯವರ ಕೈಯಲ್ಲಿ ಹಂಚಿಸಲಿಲ್ಲ. ಆಗಲೂ ನನಗೆ ಅನುಮಾನವೇ. ಇವರಿಗೆ ಇಷ್ಟು ಖುಷಿ ಯಾಕೆ? ನನ್ನನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದಾರೆಯೇ?

ಆಗ ನಮ್ಮ ಅಕ್ಕನಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಶಹಾಪುರದ ಹತ್ತಿ ವ್ಯಾಪಾರದ ಮನೆತನ. ಅಪ್ಪನದು ಗಂಜ್ ಬಜಾರಿನಲ್ಲಿ ಕಾಳಿನ ಅಂಗಡಿ, ಅವರಷ್ಟು ದೊಡ್ಡದಲ್ಲ. ಗಂಡಿನವರು ನಮ್ಮ ಹಿಂದು ಮುಂದು ಎಲ್ಲ ವಿಚಾರಿಸುತ್ತಿದ್ದಾರೆಂದು ಸುದ್ದಿ ಬಂದಿತ್ತು. ಸುರಪುರದಿಂದ ಅತ್ತಿ, ಅಂದರೆ ಅಪ್ಪನ ತಂಗಿ, ಸಹಾಯಕ್ಕೆಂದು ಬಂದಿದ್ದಳು. ಸಾಮಾನಿನ ಯಾದಿ ಬರೆಯಲು ಹಾಳೆ ಹುಡುಕುತ್ತ ನನ್ನ ಪಾಟೀಚೀಲಕ್ಕೆ ಕೈ ಹಾಕಿದಳು. ನಾನು ಒಳಗೆ ಬಂದಾಗ ಆಕೆ ಓದುತ್ತ ನಿಂತಿದ್ದಳು, ತುಟಿ ಅಲ್ಲಾಡುತ್ತಿತ್ತು. ಅತ್ತಿಯೂ ಆಯಿಯ ಮಗಳೇ. ಆಕೆ ಮಲಗೆದ್ದ ದಿಂಬಿನ ಮೇಲೆ ತಟ್ಟೆಯಷ್ಟಗಲದ ಎಣ್ಣೆಯ ಕಲೆ ಇರುತ್ತಿತ್ತು.

“ಇದನ್ನ ಯಾರ್ ಯಾರ್ ಓದ್ಯಾರ?” ಅಷ್ಟೇ ಕೇಳಿದಳು.

ಮರುದಿನ ಅಪ್ಪ, ಅತ್ತಿ, ನಾನು ಹೆಡ್ ಸಿಸ್ಟರ್ ಕೋಣೆಯಲ್ಲಿ ನಿಂತಿದ್ದೆವು. ಟೀಚರನ್ನು ಕರೆಸಿದರು. ಅವರು ಬಂದು ಬಾಗಿಲ ಹತ್ತಿರ ನಿಂತರು, ಕೂಡಲು ಯಾರೂ ಹೇಳಲಿಲ್ಲ.

“ಮಕ್ಕಳ ತಲ್ಯಾಗ ಏನ್ ತುಂಬಾಕತ್ತೀರಿ ನೀವು?” ಅತ್ತಿ ಶುರು ಮಾಡಿದಳು. “ನೀವು ಯಾವ ಮಂದೀನೋ ನಮಗ ಗೊತ್ತಿಲ್ಲ. ನಾವು ಯಾವ ಮಂದಿ ಅಂತ ನಮಗ ಗೊತ್ತದ. ಈ ಮಾತು ಶಹಾಪುರಕ್ಕ ಮುಟ್ಟಿದ್ರ ನಮ್ಮ ಹುಡುಗೀಗಿ ಯಾರ್ ದಿಕ್ಕು?”

ಅಪ್ಪ ನೆಲ ನೋಡುತ್ತಿದ್ದ. ಸಿಸ್ಟರ್ ನನ್ನ ಕಡೆ ತಿರುಗಿ ಪುಸ್ತಕದ ಕನ್ನಡದಲ್ಲಿ ಮೆಲ್ಲಗೆ ಕೇಳಿದರು. “ಮಗು, ನಿಜ ಹೇಳು. ಇದನ್ನು ನೀನಾಗಿಯೇ ಬರೆದೆಯಾ? ಇಲ್ಲಾ ಹೀಗೆ ಬರೆ ಎಂದು ಟೀಚರ್ ಹೇಳಿದರಾ?”

ಗೋಡೆಯ ಗಡಿಯಾರದ ಕೆಳಗೆ ಒಂದು ಹಲ್ಲಿಯಿತ್ತು. ಅದರ ಬಾಲ ಅರ್ಧ ಇರಲಿಲ್ಲ. ಅದನ್ನೇ ನೋಡುತ್ತ ನಾನು ಅಂದೆ, “ಟೀಚರ್ ಹೇಳಿದ್ರು.”

ಟೀಚರ್ ತಲೆಯಿಂದ ಪೆನ್ಸಿಲ್ ತೆಗೆದರು. ಅದರ ಎರಡೂ ತುದಿ ನೋಡಿದರು. ಮತ್ತೆ ಸಿಗಿಸಿಕೊಂಡರು.

“ಹೌದ್ರಿ ಸಿಸ್ಟರ್. ನಾನೇ ಹೇಳಿ ಬರಸೀನಿ. ಹುಡುಗೀದು ಏನೂ ತಪ್ಪಿಲ್ಲ.”

“ನೋಡ್ರಿ, ತಾನೇ ಒಪ್ಪಾಕತ್ತಾಳ,” ಎಂದಳು ಅತ್ತಿ. ಆಕೆಯ ದನಿಯಲ್ಲಿ ಜಗಳ ಗೆದ್ದ ಸಂತೋಷವಿರಲಿಲ್ಲ. ಜೀವ ಬಂದಂತೆ ಇತ್ತು.

ಮನೆಗೆ ಬಂದು ಆ ಹಾಳೆಯನ್ನು ಹರಿದು ನೀರೊಲೆಗೆ ಹಾಕಿದರು. ಆಯಿ ಅಲ್ಲೇ ಚಳಿ ಕಾಯಿಸುತ್ತ ಕೂತಿದ್ದಳು. ಏನು ಸುಡುತ್ತಿದೆ ಎಂದು ಕೇಳಲಿಲ್ಲ. ಸೆರಗನ್ನು ಹಣೆಯ ಮೇಲೆ ಒಂದು ಬೆರಳು ಕೆಳಗೆ ಎಳೆದುಕೊಂಡಳು. ಅಕ್ಕನ ಮದುವೆ ಮಾತಿನಂತೆ ಆಯಿತು. ಶನಿವಾರದ ಐದು ಸಾಲು ನಿಂತಿತು. ಬೇಸಿಗೆ ರಜೆ ಮುಗಿಸಿ ನಾವು ಮರಳಿದಾಗ ಕನ್ನಡಕ್ಕೆ ಬೇರೆ ಟೀಚರ್ ಬಂದಿದ್ದರು, ಅಚ್ಚುಕಟ್ಟಾಗಿ ಬೈತಲೆ ತೆಗೆದವರು. ನಮ್ಮ ಟೀಚರ್ ಸ್ಟೇಷನ್ ಹಿಂದಿನ ಓಣಿಯಲ್ಲಿ ಟ್ಯೂಷನ್ ಹೇಳುತ್ತಿದ್ದಾರೆಂದು ಗೊತ್ತಾಯಿತು. ಆ ಓಣಿಯ ಬಾಯಿಗೆ ಹೋಗಿ ತಿರುಗಿ ಬರುತ್ತಿದ್ದೆ.

ಹೋಗದಿರಲು ನಾಚಿಕೆಯೊಂದೇ ಕಾರಣವಾಗಿರಲಿಲ್ಲ. ಇಷ್ಟು ಸುಲಭವಾಗಿ ಯಾರಾದರೂ ಬೇರೆಯವರ ತಪ್ಪು ತಲೆಯ ಮೇಲೆ ಹಾಕಿಕೊಳ್ಳುತ್ತಾರೆಯೇ? ಮುಂದೊಂದು ದಿನ ಬಂದು ಇದರ ಬದಲಿಗೆ ಏನಾದರೂ ಕೇಳುತ್ತಾರೆ ಎಂದು ಎಷ್ಟೋ ವರ್ಷ ಒಳಗೊಳಗೇ ಕಾಯ್ದೆ. ನನ್ನ ಮದುವೆಯ ದಿನ ಕೂಡ, ಹಂದರದಲ್ಲಿ ಸುರುಳಿ ಕೂದಲಿನ ತಲೆಯೊಂದು ಕಾಣುತ್ತದೆಯೇ ಎಂದು ಸೆರಗಿನೊಳಗಿಂದ ಹುಡುಕಿದ್ದೆ.

ನಾನೂ ಶಹಾಪುರಕ್ಕೇ ಸೇರಿದೆ. ತಲೆಯ ಮೇಲೆ ಸೆರಗು ಹೊದ್ದೇ ಇರುತ್ತಿದ್ದುದರಿಂದ ಅತ್ತೆಯವರು ನನ್ನನ್ನು ಬಹಳ ಸಂಭಾವಿತಳು ಎನ್ನುತ್ತಿದ್ದರು. ಮಗಳು ಹುಟ್ಟಿದಳು. ಜಾವಳವಾಯಿತು. ಆಮೇಲೆ ಬಂದ ಕೂದಲು ನನಗಿಂತ ಸಣ್ಣ ಸುರುಳಿಯದು. ಅತ್ತೆ ದಿನಾ ಅದರ ಮೇಲೆ ಕೈಯಾಡಿಸಿ, “ನಮ್ಮ ಮನ್ಯಾಗ ಯಾರ್ದೂ ಹಿಂಗ ಇಲ್ಲಲಾ,” ಎನ್ನುತ್ತಿದ್ದರು. ಒಂದು ಭಾನುವಾರ ಹಿತ್ತಲಲ್ಲಿ ಮಣೆ ತೊಳೆದು ಒಣಗಿಸಿದ್ದು ಕಂಡಿತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಗೋಡೆಯ ಮಾಡಿನಲ್ಲಿ ಹೊಸ ಟಾವೆಲ್ ಬೇರೆ. ಯಾರೂ ನನಗೆ ಏನೂ ಹೇಳಿರಲಿಲ್ಲ. ಆದರೆ ಆ ಮಣೆ, ಆ ಟಾವೆಲ್ ನನಗೆ ಗೊತ್ತಿದ್ದವು, ಮೂರು ಸಲ ಜಾವಳಕ್ಕೆ ಕೂತವಳು ನಾನು. ಸೋಮವಾರ ನಸುಕಿನಲ್ಲಿ, ಕೂಸಿನ ಹಲ್ಲು ತೋರಿಸಬೇಕೆಂದು ಹೇಳಿ ಮಗಳನ್ನೆತ್ತಿಕೊಂಡು ಯಾದಗಿರಿ ಬಸ್ಸು ಹತ್ತಿದೆ. ಡಾಕ್ಟರ ಕಡೆ ಹೋಗದೆ ಸ್ಟೇಷನ್ ಹಿಂದಿನ ಓಣಿಗೆ ಹೋದೆ. ಈ ಸಲ ತಿರುಗಿ ಬರಲಿಲ್ಲ.

ಟೀಚರ್ ಬಾಗಿಲು ತೆಗೆದರು. ಕೂದಲು ಬಿಳಿಯಾಗಿತ್ತು, ಪೆನ್ಸಿಲ್ ಅಲ್ಲೇ ಇತ್ತು. ನನ್ನನ್ನು ನೋಡುವ ಮೊದಲು ಮಗಳನ್ನು ನೋಡಿದರು.

“ಬಾ ಬೇಟಾ,” ಎಂದು ಆಕೆಯ ಕೈ ಹಿಡಿದು, ಆಮೇಲೆ ನನಗೆ ಅಂದರು, “ಕಿಟಕಿ ಬಾಜೂ ಬೆಂಚಿನಾಕಿ ಅಲ್ಲೇನು ನೀ? ಇನ್ನೂ ಎಣ್ಣಿ ಕಡಿಮಿ ಮಾಡಿಲ್ಲ.”

ನಾನು ಬಂದದ್ದು ಯಾಕೆಂದು ಹೇಳಿದೆ. ಅವರು ತಂಬಿಗೆಯಲ್ಲಿ ನೀರು, ಅಗಲ ಹಲ್ಲಿನ ಬಾಚಣಿಗೆ ತಂದು, ಮಗಳನ್ನು ನೆಲಕ್ಕೆ ಕೂಡಿಸಿದರು. “ನೋಡು, ಒಣಾ ಇದ್ದಾಗ ಮುಟ್ಟಬಾರದು. ಬುಡದಿಂದ ಎಳದ್ರ ಕೂಸು ಅಳ್ತದ, ಕೂದಲಾನೂ ಅಳ್ತದ. ತುದಿಯಿಂದ ಶುರು ಮಾಡ್ಬೇಕು. ಮದ್ಲ ಕೈ ಬಟ್ಟು, ಆಮ್ಯಾಲ ಬಾಚಣಿಕಿ.” ಮಗಳು ಅಳಲಿಲ್ಲ. ಅವರ ಸೀರೆಯ ಅಂಚಿನ ಗೊಂಡೆ ಎಣಿಸುತ್ತ ಕೂತಿದ್ದಳು.

ಆಗ ಕೇಳಿದೆ. “ಟೀಚರ್, ಮೊದಲನೇ ದಿನ ನನ್ನ ತಲಿ ನೋಡಿದ್ರಿ. ನಾ ನಿಮ್ಮ ಪೈಕಿ ಅಂತ ಗೊತ್ತಾಗಿತ್ತೇನು?”

“ನಿಂಗ ಎಂಟನೇ ಇಯತ್ತ್ಯಾಗೂ ಇದಽ ಅನುಮಾನ, ಈಗೂ ಇದಽ,” ಎಂದು ನಕ್ಕರು. “ಗುಂಗುರು ಕೂದಲಿಗಿ ಹಡಗಾ ಬೇಕಂತೇನಿಲ್ಲ. ನಿಮ್ಮ ಆಯೀ ಕಡಿಗಿ ಹಡಗಾ ಇರಬಹುದು, ಇರಲಿಕ್ಕಿಲ್ಲ. ನಂಗ ಹೆಂಗ ಗೊತ್ತಾಗಬೇಕು? ನಾ ನೋಡಿದ್ದು ಎಣ್ಣಿ. ಇಷ್ಟು ಎಣ್ಣಿ ಹಚ್ಚಿದಾಕಿ ಏನೋ ಮುಚ್ಚಾಕತ್ತಾಳ ಅನ್ನಿಸ್ತು.”

ಬಾಚಣಿಗೆ ಒಂದು ಗಂಟಿಗೆ ನಿಂತಿತು. ಅವರು ಅದನ್ನು ಬಿಟ್ಟು ಬೆರಳಿನಿಂದ ಬಿಡಿಸತೊಡಗಿದರು. ನಾನು ಇಷ್ಟು ವರ್ಷ ಕಟ್ಟಿಟ್ಟುಕೊಂಡದ್ದನ್ನು ಅಂದುಬಿಟ್ಟೆ.

“ಅವತ್ತ ಸಿಸ್ಟರ್ ಮುಂದ ನಾ ಸುಳ್ಳು ಹೇಳ್ದೆ, ಟೀಚರ್. ಅಂಜಿ ಸುಳ್ಳು ಹೇಳ್ದೆ.”

ಟೀಚರ್ ತಲೆ ಎತ್ತಲಿಲ್ಲ. ಕೈ ಮಾತ್ರ ಕಿವಿಯ ಮೇಲಕ್ಕೆ ಹೋಗಿ ಪೆನ್ಸಿಲನ್ನು ಮುಟ್ಟಿ ಬಂತು.

“ಅಂಜಿ ಸುಳ್ಳು ಹೇಳ್ದೆ. ಅದು ಬಾಜೂದಾಕಿಗೂ ಹೊಂದೋ ಸಾಲು, ಬೇಟಾ. ಹೊಡದು ಹಾಕು.”

ಮಗಳ ಜಾವಳ ಎರಡನೆಯ ಸಲ ಆಗಲಿಲ್ಲ. ಅದಕ್ಕಾಗಿ ಮನೆಯಲ್ಲಿ ಏನೇನಾಯಿತು ಎಂಬುದು ಬೇರೆ ಮಾತು. ವರ್ಷಕ್ಕೆ ಎರಡು ಮೂರು ಸಲ ಮಗಳನ್ನು ಕರೆದುಕೊಂಡು ಟೀಚರ್ ಮನೆಗೆ ಹೋಗಿ ಬರುತ್ತಿದ್ದೆ. ಶಹಾಪುರದಲ್ಲಿ ಕೇಳಿದವರಿಗೆ ಮಾತ್ರ ಹಲ್ಲಿನ ಡಾಕ್ಟರ್ ಎಂದೇ ಹೇಳುತ್ತಿದ್ದೆ. ಇದನ್ನೂ ಬರೆಯಬೇಕು.

ಹೋದ ಚಳಿಗಾಲದಲ್ಲಿ ಫೋನ್ ಬಂತು, ಟೀಚರ್ ತೀರಿಕೊಂಡರೆಂದು. ಅವರ ಮನೆಯಲ್ಲಿ ಕಸ ಮುಸುರೆ ಮಾಡುವ ಹೆಣ್ಣುಮಗಳು ಮಾಡಿದ್ದು. ನಾನು ಹೋಗುವಷ್ಟರಲ್ಲಿ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು, ಒಳಗೆ ಯಾರೂ ಇರಲಿಲ್ಲ. ಟೀಚರ ಅಕ್ಕನ ಮಗ ಹೈದರಾಬಾದಿನಿಂದ ಹೊರಟಿದ್ದಾನಂತೆ, ರೈಲು ತಡವಂತೆ. ಅವನು ಬಂದು ಮುಂದಿನದು ಹೇಳುವವರೆಗೂ ಯಾರಿಗೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

“ಯಾವ ಮಂದಿ ಅಂತ ಇಷ್ಟ ವರ್ಷಾದ್ರೂ ತಿಳೀಲಿಲ್ಲ ನೋಡ್ರಿ,” ಒಬ್ಬಾಕೆ ಅನ್ನುತ್ತಿದ್ದಳು. “ತಿಳೀದ ಹೆಂಗ ಒಳಗ ಹೋಗೂದು?”

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ತಿಂಗಳೊಪ್ಪತ್ತು ಒಂದೇ ಮಗ್ಗುಲಿಗೆ ಮಲಗಿ ಟೀಚರ್ ಕೂದಲು ಬಲಗಡೆ ಗಂಟುಗಟ್ಟಿ ಹಾಸಿಗೆಗೆ ಒತ್ತಿಕೊಂಡಿತ್ತು. ಪೆನ್ಸಿಲ್ ಕಿಟಕಿಯ ಕಟ್ಟೆಯ ಮೇಲೆ, ನೀರಿನ ಲೋಟದ ಪಕ್ಕ ಇತ್ತು. ಎರಡೂ ತುದಿ ಮೊಂಡು. ನಾನು ತಂಬಿಗೆಯಲ್ಲಿ ನೀರು ತಂದು ತಲೆಯ ಹತ್ತಿರ ಕೂತೆ. ಕೂದಲನ್ನು ನೆನೆಸಿದೆ. ನೀರು ಒಳಗಿಳಿಯಲಿಲ್ಲ, ಮಣಿಯಾಗಿ ಮೇಲೆಯೇ ಕೂತಿತು. ಮತ್ತೆ ನೆನೆಸಿದೆ. ತುದಿಯಿಂದ ಶುರು ಮಾಡಿದೆ, ಮೊದಲು ಬೆರಳು.

ಬಗ್ಗಿದಾಗ ಸೆರಗು ಜಾರಿತು. ಬಾಗಿಲಲ್ಲಿ ನೆರಳು ಬಿತ್ತು. ಕಟ್ಟೆಯ ಮೇಲಿದ್ದಾಕೆ ಹೊಸ್ತಿಲಾಚೆ ನಿಂತು ನೋಡುತ್ತಿದ್ದಳು, ಒಮ್ಮೆ ಟೀಚರ್ ತಲೆ, ಒಮ್ಮೆ ನನ್ನ ತಲೆ. ಆಕೆಯ ಹಿಂದೆ ಇನ್ನಿಬ್ಬರು. ಅವರಲ್ಲಿ ಶಹಾಪುರದ ಮುಖ ಯಾವುದಾದರೂ ಇದೆಯೇ ಎಂದು ನಾನು ನೋಡಿದೆ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.

“ನೀವು ಆಕಿಗಿ ಏನಾಗ್ಬೇಕ್ರಿ?”

“ನಮ್ಮ ಮಂದೀರಿ,” ಎಂದೆ.

ಆಕೆ ಮತ್ತೆ ನನ್ನ ತಲೆಯ ಕಡೆಗೇ ನೋಡಿದಳು. ಸೆರಗು ಮೇಲೆಳೆದುಕೊಳ್ಳಬೇಕೆಂದು ಅನ್ನಿಸಿತು. ಕೈ ಬಿಡುವಿರಲಿಲ್ಲ. ಎರಡೂ ಟೀಚರ್ ಕೂದಲಲ್ಲಿದ್ದವು.